ಕುಂಡ ಸೀಳಿದ ಅಗೇವ್: ಈ ಮಳೆಯಲ್ಲೇ ಬದಲಿಸಲಾ, ಫೆಬ್ರವರಿವರೆಗೆ ಬಿಡಲಾ?

ತಾರಸಿ_ಸುಮಾ (ಬೆಂಗಳೂರು)
ಎಲ್ಲರಿಗೂ ನಮಸ್ಕಾರ. ನಮ್ಮ ಬಾಲ್ಕನಿಯಲ್ಲಿ ಒಂದು ಅಗೇವ್ (ಕತ್ತಾಳೆ ಕುಲದ ಗಿಡ) ಇದೆ. ಬೂದು ಹಸಿರು ಎಲೆ, ಅಂಚಿಗೆ ಹಳದಿ ಪಟ್ಟೆ, ಪ್ರತಿ ಎಲೆಯ ತುದಿಯಲ್ಲೂ ಕಪ್ಪು ಮುಳ್ಳು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಅಂಗೈಯಷ್ಟು ಗಿಡ ತಂದಿದ್ದೆ. ಈಗ ಅಗಲ ಎರಡು ಅಡಿ ದಾಟಿದೆ. ಇನ್ನೂ 10 ಇಂಚಿನ ಪ್ಲಾಸ್ಟಿಕ್ ಕುಂಡದಲ್ಲೇ ಇದೆ. ಕುಂಡ ಒಂದು ಕಡೆ ಉಬ್ಬಿ ಸೀಳಿದೆ. ಕೆಳಗಿನ ತೂತಿನಿಂದ ಬೇರು ಹೊರಗೆ ಬಂದಿದೆ. ಬುಡದಲ್ಲಿ ನಾಲ್ಕು ಮರಿ. ನೀರು ಹಾಕಿದರೆ ಒಳಗೆ ಇಳಿಯುವುದೇ ಇಲ್ಲ, ಅಂಚಿನಲ್ಲೇ ಜಾರಿ ಹೊರಗೆ ಹೋಗುತ್ತದೆ.

ಈಗ ಸೆಪ್ಟೆಂಬರ್, ದಿನಾ ಸಂಜೆ ಮಳೆ. ನರ್ಸರಿಯವರು "ಮಳೆಗಾಲದಲ್ಲಿ ಏನು ನೆಟ್ಟರೂ ಹತ್ತುತ್ತೆ, ಈಗಲೇ ಬದಲಿಸಿ" ಅಂತಾರೆ. ಪಕ್ಕದ ಮನೆಯವರು ಮಳೆಯಲ್ಲಿ ಮುಟ್ಟಿದರೆ ಕೊಳೆತುಹೋಗುತ್ತೆ ಅಂತಾರೆ. ಯಾರ ಮಾತು ಕೇಳಲಿ? ಎಷ್ಟು ದೊಡ್ಡ ಕುಂಡ, ಯಾವ ಮಣ್ಣು? ಮುಳ್ಳು ಚುಚ್ಚಿಸಿಕೊಳ್ಳದೆ ಎತ್ತುವುದು ಹೇಗೆ? ಮನೆಯಲ್ಲಿ ಎರಡು ವರ್ಷದ ಮಗು ಇದೆ. ಮುಳ್ಳಿನ ಗಿಡ ಮನೆಗೆ ಆಗಲ್ಲ, ಯಾರಿಗಾದರೂ ಕೊಟ್ಟುಬಿಡು ಅಂತ ಅತ್ತೆ ಹೇಳುತ್ತಿದ್ದಾರೆ. ನನಗೆ ಕೊಡಲು ಮನಸ್ಸಿಲ್ಲ.

ಹಸಿರುಮನೆ_ಮೈಸೂರು
ನೀವು ಹೇಳಿದ್ದು ನೋಡಿದರೆ ಅಗೇವ್ ಅಮೆರಿಕಾನಾದ ಹಳದಿ ಅಂಚಿನ ತಳಿ. ಮಳೆ ನಿಲ್ಲುವವರೆಗೆ ಕೈ ಹಾಕಬೇಡಿ. ಫೆಬ್ರವರಿ ಕೊನೆಗೆ ಬಿಸಿಲು ಏರುವಾಗ ಬದಲಿಸಿ. ಕುಂಡಕ್ಕೆ ಅಲ್ಲಿಯವರೆಗೆ ಒಂದು ಹಗ್ಗ ಬಿಗಿದು ಕಟ್ಟಿ.

ಕಳ್ಳಿಪ್ರಿಯ (ಬೆಂಗಳೂರು)
ಮೈಸೂರು ಸರ್ ಹೇಳಿದ ತಿಂಗಳು ಸರಿ, ಆದರೆ ಈ ಗಿಡಕ್ಕೆ ಐದು ತಿಂಗಳು ಕಾಯಿಸುವುದು ಬೇಡ. ನೀರೇ ಒಳಗೆ ಇಳಿಯುತ್ತಿಲ್ಲ ಅಂದರೆ ಕುಂಡದಲ್ಲಿ ಈಗ ಮಣ್ಣಿಗಿಂತ ಬೇರೇ ಜಾಸ್ತಿ.

ಸುಮಾ ಮೇಡಂ, ಒಂದೇ ಪ್ರಶ್ನೆ. ಬಾಲ್ಕನಿಗೆ ಸೂರು ಇದೆಯಾ? ಮಳೆ ನೇರ ಬೀಳದ ಜಾಗ ಇದ್ದರೆ ಈಗಲೇ ಮಾಡಬಹುದು. ಮಳೆಗಾಲ ಅನ್ನುವುದು ತೊಂದರೆ ಅಲ್ಲ. ಬದಲಿಸಿದ ಮೇಲೆ ಮೊದಲ ಕೆಲವು ದಿನ ಗಾಯವಾದ ಬೇರಿಗೆ ನೀರು ತಾಗುವುದೇ ತೊಂದರೆ. ಸೂರಿನ ಕೆಳಗೆ ಆ ನೀರು ನಿಮ್ಮ ಕೈಯಲ್ಲಿರುತ್ತದೆ. ಸೆಪ್ಟೆಂಬರಿನಲ್ಲಿ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಹೊಸ ಬೇರು ಬೇಗ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಆ ಚಳಿಗೆ ಗಿಡ ಸಾಯುವುದಿಲ್ಲ, ಆದರೆ ಬೇರು ಬಿಡುವುದು ತುಂಬ ನಿಧಾನ. ಹಾಗಾಗಿ ಈಗ ಮಾಡಿ, ಇಲ್ಲ ಫೆಬ್ರವರಿಗೆ ಬಿಡಿ. ನಡುವೆ ಮಾತ್ರ ಬೇಡ.

ಹಸಿರುಮನೆ_ಮೈಸೂರು
ಸೂರು ಇದ್ದರೂ ಗಾಳಿಯಲ್ಲಿ ತೇವ ಇರುತ್ತದಲ್ಲ? ಮಣ್ಣು ಒಣಗುವುದೇ ಇಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಆಗಸ್ಟಿನಲ್ಲಿ ಬದಲಿಸಿ ಗಿಡ ಕಳೆದುಕೊಂಡರು. ಮೇಲಿಂದ ಚೆನ್ನಾಗೇ ಕಾಣುತ್ತಿತ್ತು. ಒಂದು ದಿನ ನಡುಗೊಂಚಲು, ಅಂದರೆ ನಡುವಿನ ಎಳೆ ಎಲೆಗಳನ್ನು ಹಿಡಿದು ಎಳೆದರೆ ಹಾಗೇ ಕೈಗೆ ಬಂತು, ಬುಡ ಪೂರ್ತಿ ಕೊಳೆತಿತ್ತು.

ಕಳ್ಳಿಪ್ರಿಯ
ಸರ್, ಅವರು ಯಾವ ಮಣ್ಣಿಗೆ ಹಾಕಿದ್ದರು ಅಂತ ಗೊತ್ತಾ?

ಹಸಿರುಮನೆ_ಮೈಸೂರು
ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಮಿಶ್ರಣ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ.

ಕಳ್ಳಿಪ್ರಿಯ
ಹಾಗಾದರೆ ಕೊಂದಿದ್ದು ಕೋಕೋಪೀಟ್. ಅದು ನೀರನ್ನು ಹಿಡಿದುಕೊಂಡೇ ಇರುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ವಾರಗಟ್ಟಲೆ ಒದ್ದೆ. ಮನೆಯೊಳಗಿನ ಎಲೆ ಗಿಡಗಳಿಗೆ ಒಳ್ಳೆಯದು. ಅಗೇವ್‌ಗೆ ನಾನು ಹಾಕುವುದೇ ಇಲ್ಲ.

ಬಯಲುಸೀಮೆ_ಹುಡುಗ (ಕೊಪ್ಪಳ)
ಇಷ್ಟೆಲ್ಲ ಯಾಕ್ರೀ? ನಮ್ಮ ಕಡೆ ಹೊಲದ ಬದುವಿನ ಮೇಲೆ ಇದೇ ಕುಲದ ಕತ್ತಾಳೆ ಇರುತ್ತದೆ. ಅದಕ್ಕೆ ಯಾರೂ ನೀರು ಹಾಕಿದವರಿಲ್ಲ, ಮಣ್ಣು ಬದಲಿಸಿದವರಿಲ್ಲ. ಕಿತ್ತು ಬಿಸಾಡಿದರೆ ಬಿಸಾಡಿದಲ್ಲೇ ಬೇರು ಬಿಡುತ್ತದೆ. ಇಂಥ ಗಿಡಕ್ಕೆ ನರ್ಸರಿಯಲ್ಲಿ ದುಡ್ಡು ಕೊಡುತ್ತಾರೆ ಅಂತ ನಮ್ಮ ಅಪ್ಪನಿಗೆ ಹೇಳಿದರೆ ನಂಬುವುದಿಲ್ಲ.

ಕರಾವಳಿ_ಕವಿತಾ (ಪುತ್ತೂರು)
ನಿಮ್ಮ ಕೊಪ್ಪಳದಲ್ಲಿ ವರ್ಷಕ್ಕೆ ಬರುವ ಮಳೆ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಂದು ಹೋಗುತ್ತದೆ ಮಾರಾಯ್ರೆ. ನಮ್ಮ ಜಿಲ್ಲೆಯಲ್ಲಿ 3,500 ಮಿಲಿಮೀಟರಿಗೂ ಮೇಲೆ. ಇಲ್ಲಿ ಕುಂಡದ ಅಗೇವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯಲ್ಲಿ ಇಡಲೇಬೇಕು. ಅಂಗಳದಲ್ಲಿ ಬಿಟ್ಟರೆ ನಡುಗೊಂಚಲಿನಲ್ಲಿ ನೀರು ನಿಂತು ಮೇಲಿಂದಲೇ ಕೊಳೆಯುತ್ತದೆ. ಗಿಡ ಗಟ್ಟಿ ಹೌದು, ಒಣ ಜಾಗದಲ್ಲಿ ಗಟ್ಟಿ. ಕುಂಡದಲ್ಲಿ ಅದಕ್ಕೆ ಓಡಿ ಹೋಗಲು ಜಾಗ ಎಲ್ಲಿದೆ?

ಬಯಲುಸೀಮೆ_ಹುಡುಗ
ಅದು ಒಪ್ಪಿದೆ ಅಕ್ಕ. ಬದುವಿನ ಮೇಲೆ ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಕುಂಡವನ್ನೂ ಬದುವಿನ ಹಾಗೆ ಮಾಡಿ, ಸಾಕು.

ತಾರಸಿ_ಸುಮಾ
ಸೂರು ಇದೆ. ಅಂಚಿನಲ್ಲಿ ಮಾತ್ರ ಎರಚಲು ಬೀಳುತ್ತದೆ, ಒಳಗೆ ಸರಿಸಿದರೆ ತಾಗುವುದಿಲ್ಲ. ಹಾಗಾದರೆ ಈಗಲೇ ಮಾಡುತ್ತೇನೆ. ಮಣ್ಣು, ಕುಂಡ ಹೇಳಿ.

ಕಳ್ಳಿಪ್ರಿಯ
ಕುಂಡ 12 ಇಂಚು ಸಾಕು. ಈಗಿನದಕ್ಕಿಂತ ಎರಡು ಇಂಚು ದೊಡ್ಡದು. 18 ಇಂಚು ತಂದರೆ ಬೇರು ತಲುಪದ ಜಾಗದಲ್ಲೆಲ್ಲ ಮಣ್ಣು ಒದ್ದೆಯಾಗೇ ಉಳಿಯುತ್ತದೆ, ಅಲ್ಲಿಂದಲೇ ಕೊಳೆ ಶುರು. ಆಳ ಕಡಿಮೆ, ಬಾಯಿ ಅಗಲ ಇರುವ ಮಣ್ಣಿನ ಕುಂಡ ತೆಗೆದುಕೊಳ್ಳಿ. ಅಗೇವ್ ಬೇರು ಕೆಳಗೆ ಹೋಗುವುದಕ್ಕಿಂತ ಪಕ್ಕಕ್ಕೆ ಹರಡುವುದು ಜಾಸ್ತಿ. ಮಣ್ಣಿನ ಕುಂಡದ ಗೋಡೆ ಉಸಿರಾಡುತ್ತದೆ, ಬೇಗ ಒಣಗುತ್ತದೆ. ಗಿಡದ ತೂಕಕ್ಕೆ ಮಗುಚಿ ಬೀಳುವುದೂ ಇಲ್ಲ. ತೂತು ಹೆಬ್ಬೆರಳು ಹೋಗುವಷ್ಟು ಇರಲಿ.

ಮಿಶ್ರಣ ನಾನು ಮಾಡುವುದು ಹೀಗೆ: ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಪ್ಯೂಮಿಸ್ ಅಥವಾ ಪರ್ಲೈಟ್ (ಎರಡೂ ಹಗುರವಾದ ಬಿಳಿಚಿದ ಕಲ್ಲಿನ ಚೂರು) ಒಂದು ಪಾಲು. ಅವೆರಡೂ ದುಬಾರಿ ಅನ್ನಿಸಿದರೆ ಇಟ್ಟಿಗೆ ಚೂರನ್ನು ಕಡಲೆಕಾಳಿನಷ್ಟು ಒಡೆದು, ಪುಡಿ ಜರಡಿ ಹಿಡಿದು ಹಾಕಿ. ಎರೆಗೊಬ್ಬರ ಒಂದೆರಡು ಹಿಡಿ, ಬೇವಿನ ಹಿಂಡಿ ಒಂದು ಹಿಡಿ. ಅದಕ್ಕಿಂತ ಗೊಬ್ಬರ ಬೇಡ. ಗೊಬ್ಬರ ಜಾಸ್ತಿ ಆದರೆ ಎಲೆ ಮೆತ್ತಗೆ ಉದ್ದ ಬೆಳೆದು ಗಿಡದ ರೂಪವೇ ಕೆಡುತ್ತದೆ.

ಸರಿ ಆಯಿತಾ ಅಂತ ನೋಡಲು ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ ಬಿಡಿ. ಉಂಡೆ ಉಂಡೆಯಾಗೇ ಉಳಿದರೆ ಮರಳು ಸಾಲದು. ಉದುರಿ ಹೋಗಬೇಕು.

ರಾಘು_ಸಿವಿಲ್
ಮರಳಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಈಗ ಹೆಚ್ಚು ಕಡೆ ಸಿಗುವುದು ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ, ನೇರ ಹಾಕಿದರೆ ಮಣ್ಣು ಗಾರೆಯ ಹಾಗೆ ಬಿಗಿಯುತ್ತದೆ. ಪ್ಲಾಸ್ಟರಿಂಗ್‌ಗೆ ಬಳಸುವ ಪಿ ಸ್ಯಾಂಡ್ ಅಂತೂ ಇನ್ನೂ ನುಣುಪು, ತರಲೇಬೇಡಿ. ಎಂ ಸ್ಯಾಂಡನ್ನು ಬಕೆಟ್‌ನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆಯಿರಿ, ಒಣಗಿಸಿ ಜರಡಿ ಹಿಡಿಯಿರಿ. ಜರಡಿ ಮೇಲೆ ಉಳಿದದ್ದು ಮಾತ್ರ ಗಿಡಕ್ಕೆ. ಕುಂಡದ ತಳಕ್ಕೆ ಎರಡು ಇಂಚು ಬೇಬಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ.

ಕಳ್ಳಿಪ್ರಿಯ
ಮರಳಿನ ಮಾತು ನೂರಕ್ಕೆ ನೂರು ಸರಿ ರಾಘು ಸರ್. ತಳಕ್ಕೆ ಜಲ್ಲಿ ಮಾತ್ರ ನಾನು ಒಪ್ಪುವುದಿಲ್ಲ.

ರಾಘು_ಸಿವಿಲ್
ಯಾಕೆ? ಎಲ್ಲರೂ ಹಾಕುತ್ತಾರೆ. ನಮ್ಮ ತಾತನ ಕಾಲದಿಂದ ಓಡು ಚೂರು, ಜಲ್ಲಿ ಹಾಕಿಯೇ ಮಣ್ಣು ತುಂಬುವುದು.

ಕಳ್ಳಿಪ್ರಿಯ
ತೂತಿನ ಮೇಲೆ ಒಂದು ಓಡು ಚೂರು ಬೋರಲಾಗಿಡುವುದು ಬೇರೆ, ಅದು ಮಣ್ಣು ಸೋರದಿರಲಿ ಅಂತ. ಎರಡು ಇಂಚು ಜಲ್ಲಿ ಪದರ ಬೇರೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಣದ ಜಲ್ಲಿಗೆ ನೀರು ಸುಮ್ನೆ ಇಳಿಯುವುದಿಲ್ಲ. ಮಣ್ಣಿನ ಕೆಳ ಪದರ ಪೂರ್ತಿ ತುಂಬಿ ಒದ್ದೆಯಾದ ಮೇಲೆ ಮಾತ್ರ ಕೆಳಗೆ ಬೀಳುತ್ತದೆ. ಆ ಒದ್ದೆ ಪದರ ಯಾವ ಕುಂಡದಲ್ಲೂ ಇರುತ್ತದೆ. ಜಲ್ಲಿ ಇಲ್ಲದಿದ್ದರೆ ಅದು ಕುಂಡದ ತಳದಲ್ಲಿರುತ್ತದೆ. ಜಲ್ಲಿ ಹಾಕಿದರೆ ಅದೇ ಪದರ ಎರಡು ಇಂಚು ಮೇಲೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಜೊತೆಗೆ ಬೇರಿಗೆ ಸಿಗುವ ಮಣ್ಣೂ ಕಡಿಮೆ. ಆ ಜಲ್ಲಿಯನ್ನೇ ಮಣ್ಣಿಗೆ ಬೆರೆಸಿಬಿಡಿ, ಆಗ ಉಪಯೋಗ.

ರಾಘು_ಸಿವಿಲ್
ರಸ್ತೆ ಕೆಲಸದಲ್ಲಿ ಜಲ್ಲಿ ಪದರ ನೀರು ಬಸಿಯುತ್ತದಲ್ಲ?

ಕಳ್ಳಿಪ್ರಿಯ
ಅಲ್ಲಿ ನೀರಿಗೆ ಪಕ್ಕಕ್ಕೆ ಹರಿಯಲು ಇಳಿಜಾರು ಇರುತ್ತದೆ ಸರ್. ಕುಂಡದಲ್ಲಿ ಎಲ್ಲಿದೆ? ಮನೆಯಲ್ಲೇ ನೋಡಬಹುದು. ಎರಡು ಪಾರದರ್ಶಕ ಡಬ್ಬಿಗೆ ತೂತು ಮಾಡಿ ಒಂದಕ್ಕೆ ಜಲ್ಲಿ ಹಾಕಿ, ಇನ್ನೊಂದಕ್ಕೆ ಬರೀ ಮಣ್ಣು. ನೀರು ಹಾಕಿ ಒದ್ದೆಯ ಗೆರೆ ಎಲ್ಲಿ ನಿಲ್ಲುತ್ತದೆ ಅಂತ ನೋಡಿ.

ರಾಘು_ಸಿವಿಲ್
ಮಾಡಿ ನೋಡುತ್ತೇನೆ. ಇನ್ನೊಂದು ಮಾತು, ಬಾಲ್ಕನಿಯವರಿಗೆ ಎಲ್ಲರಿಗೂ. 12 ಇಂಚಿನ ಕುಂಡಕ್ಕೆ ಇಂಥ ಮಿಶ್ರಣ ತುಂಬಿ ನೀರು ಹಾಕಿದರೆ ಗಿಡ ಸೇರಿ 25–30 ಕೆಜಿ ಆಗುತ್ತದೆ. ರೇಲಿಂಗ್ ಮೇಲೆ, ಸ್ಟ್ಯಾಂಡಿನ ತುದಿಯಲ್ಲಿ ಇಡಬೇಡಿ. ಗೋಡೆಯ ಹತ್ತಿರ ನೆಲದ ಮೇಲೇ ಇಡಿ. ಕೆಳಗೆ ಎರಡು ಇಟ್ಟಿಗೆ ಕೊಟ್ಟರೆ ನೀರು ಹೊರಗೆ ಹೋಗಲು ದಾರಿ ಸಿಗುತ್ತದೆ, ನೆಲವೂ ಹಾಳಾಗುವುದಿಲ್ಲ.

ಮಲೆನಾಡ_ಮಗಳು
ಮುಳ್ಳಿನ ಗಿಡ ಮನೆ ಮುಂದೆ ಇಡಬಾರದು ಅಂತ ವಾಸ್ತುವಿನಲ್ಲಿ ಹೇಳುತ್ತಾರೆ. ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಸುಮಾ.

ಬಯಲುಸೀಮೆ_ಹುಡುಗ
ಗುಲಾಬಿಗೆ ಮುಳ್ಳಿಲ್ಲವಾ? ಬಿಲ್ವಕ್ಕೆ ಮುಳ್ಳಿಲ್ಲವಾ? ಅದರ ಪತ್ರೆಯನ್ನೇ ಶಿವನಿಗೆ ಏರಿಸುತ್ತೇವೆ.

ಮಲೆನಾಡ_ಮಗಳು
ನಾನು ನಂಬುತ್ತೇನೆ, ನೀವು ನಂಬಬೇಕು ಅಂತ ಹೇಳಲಿಲ್ಲ. ಹಿರಿಯರು ಮನೆಯಲ್ಲಿದ್ದಾಗ ಅವರ ಮನಸ್ಸಿಗೂ ಸಮಾಧಾನ ಆಗಬೇಕಲ್ವಾ? ಬಾಗಿಲ ಎದುರು ಇಡದೆ ಬಾಲ್ಕನಿಯ ಮೂಲೆಗೆ ಇಟ್ಟರೆ ಅವರಿಗೂ ಸರಿ, ಮಗುವಿಗೂ ಸರಿ. ನಮ್ಮ ಅಜ್ಜಿಯೂ ಮೊದಲು ಬೇಡ ಅಂದಿದ್ದರು. ಈಗ ಅವರೇ ಅದರ ಎಲೆ ಒರೆಸುತ್ತಾರೆ.

ಕರಾವಳಿ_ಕವಿತಾ
ಮಗು ಇರುವ ಮನೆಗೆ ವಾಸ್ತುವಿಗಿಂತ ದೊಡ್ಡ ವಿಷಯ ಆ ತುದಿ ಮುಳ್ಳು. ಅದರ ಎತ್ತರ ಸರಿಯಾಗಿ ಮಗುವಿನ ಕಣ್ಣಿನ ಎತ್ತರ. ಉಗುರು ಕತ್ತರಿಸುವ ಕಟರ್‌ನಿಂದ ತುದಿಯ ಕಪ್ಪು ಭಾಗ ಮಾತ್ರ ಕತ್ತರಿಸಿ. ಹಸಿರು ತಿರುಳಿಗೆ ತಾಗಬಾರದು. ಎಲೆಗೆ ಏನೂ ಆಗುವುದಿಲ್ಲ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ, ಆದರೆ ಹೊಸ ಎಲೆ ಬಿಚ್ಚಿದ ಹಾಗೆ ಅದರ ತುದಿಯನ್ನೂ ನೋಡುತ್ತಿರಬೇಕು.

ಹಸಿರುಮನೆ_ಮೈಸೂರು
ಮುಳ್ಳು ಕತ್ತರಿಸಿದರೆ ಗಿಡದ ಅಂದವೇ ಹೋಯಿತು. ಮಗು ದೊಡ್ಡದಾಗುವವರೆಗೆ ಮುಳ್ಳಿಲ್ಲದ ಅಗೇವ್ ಅಟೆನ್ಯುಯಾಟಾ ಇಟ್ಟುಕೊಳ್ಳಬಹುದು. ನೋಡಲು ದೊಡ್ಡ ಹಸಿರು ಹೂವಿನ ಹಾಗೆ. ಅಂಚಿನಲ್ಲೂ ಮುಳ್ಳಿಲ್ಲ, ತುದಿಯಲ್ಲೂ ಇಲ್ಲ. ನಿಮ್ಮ ಬೆಂಗಳೂರಿನ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಕೇಳಿ ನೋಡಿ.

ಕರಾವಳಿ_ಕವಿತಾ
ಅಂದ ಆಮೇಲೆ ಸರ್, ಕಣ್ಣು ಮೊದಲು.

ಹೊಸಬ_ಚೇತನ್
ಇದು ಲೋಳೆಸರದ ಜಾತಿ ಅಲ್ವಾ? ನಮ್ಮ ಮನೆಯಲ್ಲಿ ಸುಟ್ಟ ಗಾಯಕ್ಕೆ ಅದರ ಲೋಳೆ ಹಚ್ಚುತ್ತೇವೆ. ಅಗೇವ್ ಎಲೆ ಮುರಿದರೆ ಅದನ್ನೂ ಹಚ್ಚಬಹುದಾ?

ಕಳ್ಳಿಪ್ರಿಯ
ಬೇಡ, ಬೇಡ! ನೋಡಲು ಹತ್ತಿರ, ಗಿಡ ಬೇರೆ. ಅಗೇವ್ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಚರ್ಮಕ್ಕೆ ತಾಗಿದರೆ ಉರಿ, ತುರಿಕೆ, ಕೆಲವರಿಗೆ ಗುಳ್ಳೆ. ಲೋಳೆಸರದ ಎಲೆ ಮುರಿದರೆ ಲೋಳೆ ಬರುತ್ತದೆ, ಅಗೇವ್ ಎಲೆ ಮುರಿದರೆ ಉದ್ದನೆ ನಾರು ಕಾಣುತ್ತದೆ. ಸುಮಾ ಮೇಡಂ, ನಿಮಗೂ ಇದೇ ಮಾತು. ತುಂಬು ತೋಳಿನ ಬಟ್ಟೆ, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಶುರು ಮಾಡಬೇಡಿ. ರಸ ತಾಗಿದರೆ ಕೂಡಲೇ ಸೋಪು ಹಚ್ಚಿ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗಬಾರದು. ಬೆಕ್ಕು, ನಾಯಿ ಇದ್ದರೆ ಕತ್ತರಿಸಿದ ಚೂರುಗಳನ್ನು ಅಲ್ಲೇ ಬಿಡಬೇಡಿ.

ಬಯಲುಸೀಮೆ_ಹುಡುಗ
ಇದು ನಮ್ಮ ಊರಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಕತ್ತಾಳೆ ಎಲೆ ಕೊಯ್ದು, ಕೆರೆ ನೀರಿನಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆಯುತ್ತಿದ್ದರು. ಆ ವಾಸನೆಗೆ ಹತ್ತಿರ ಹೋಗಲು ಆಗುತ್ತಿರಲಿಲ್ಲವಂತೆ. ಕೆಲಸ ಮಾಡಿದವರ ಕೈ ತುರಿಸುತ್ತಿತ್ತು, ಆದರೂ ಬೇಸಿಗೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. ದನ ಕಟ್ಟುವ ಕಣ್ಣಿ, ಬಾವಿ ಹಗ್ಗ, ಎಲ್ಲ ಅದರಿಂದಲೇ. ನೈಲಾನ್ ಬಂದ ಮೇಲೆ ಹಗ್ಗ ಹೊಸೆಯುವವರೂ ಕಡಿಮೆಯಾದರು, ಬದುವಿನ ಕತ್ತಾಳೆಯನ್ನೂ ಜೆಸಿಬಿಯಲ್ಲಿ ಕಿತ್ತರು. ಬದು ಕುಸಿಯದ ಹಾಗೆ ಹಿಡಿದುಕೊಂಡಿದ್ದು ಅದೇ. ನನಗೆ ಇದು ಈಗಲೂ ಬೇಸರದ ವಿಷಯ.

ಮಲೆನಾಡ_ಮಗಳು
ಟೆಕಿಲಾ ಮದ್ಯ ಮಾಡುವುದೂ ಇದರಿಂದಲೇ ಅಂತ ಕೇಳಿದ್ದೆ, ಹೌದಾ?

ಫೀನಿಕ್ಸ್_ಕನ್ನಡಿಗ (ಅರಿಜೋನಾ)
ಅದು ಅಗೇವ್ ಟೆಕಿಲಾನಾ, ನೀಲಿ ಬಣ್ಣದ ಬೇರೆ ಜಾತಿ. ಮೆಕ್ಸಿಕೋದ ಹಲಿಸ್ಕೋ ರಾಜ್ಯ ಮತ್ತೆ ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗದಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಇಡಬಹುದು. ಹೂವಿನ ಕಂಬ ಬರುವ ಮೊದಲೇ ಗಿಡದ ನಡುವಿನ ಗಡ್ಡೆ ತೆಗೆದು ಬೇಯಿಸುತ್ತಾರೆ. ಹೂ ಬಿಟ್ಟರೆ ಸಕ್ಕರೆಯೆಲ್ಲ ಹೂವಿಗೇ ಹೋಗುತ್ತದೆ.

ನಮ್ಮ ಊರಿನಲ್ಲಿ ಅಗೇವ್ ಮನೆ ಮನೆಯ ಮುಂದೆ ಇದೆ. ವರ್ಷದ ಮಳೆ 200 ಮಿಲಿಮೀಟರ್ ಆಸುಪಾಸು, ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಮಾಮೂಲು. ಇಲ್ಲಿ ತೊಂದರೆ ನಿಮ್ಮದಕ್ಕೆ ಪೂರ್ತಿ ಉಲ್ಟಾ. ಕಡು ಬೇಸಿಗೆಯಲ್ಲಿ ಕುಂಡ ಬದಲಿಸಿದರೆ ಎಲೆ ಸುಟ್ಟು ಬಿಳಿಯಾಗುತ್ತದೆ. ಅದಕ್ಕೆ ಮಾರ್ಚ್ ಅಥವಾ ಅಕ್ಟೋಬರಿನಲ್ಲಿ ಮಾಡುತ್ತೇವೆ. ಮೂತಿ ಹುಳ ಅಂತ ಕಪ್ಪು ದುಂಬಿಯ ಕಾಟವೂ ಇದೆ. ಗಿಡದ ಬುಡ ಕೊರೆದು ಮೊಟ್ಟೆ ಇಡುತ್ತದೆ, ಮರಿಹುಳ ಒಳಗೇ ತಿನ್ನುತ್ತದೆ. ಹೂವಿಗೆ ಬಂದ ದೊಡ್ಡ ಗಿಡ ಒಂದು ದಿನ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತದೆ. ಆದ್ದರಿಂದ ಕುಂಡದಿಂದ ತೆಗೆದಾಗ ಬುಡವನ್ನು ಸುತ್ತ ಒತ್ತಿ ನೋಡುವುದು ಇಲ್ಲಿನವರ ಅಭ್ಯಾಸ. ನೀವೂ ನೋಡಿ. ಎಲ್ಲಿ ಮೆತ್ತಗಿದ್ದರೂ ಅಲ್ಲಿ ಏನೋ ಆಗಿದೆ ಅಂತ ಅರ್ಥ.

ಹೊಸಬ_ಚೇತನ್
ಹೂ ಬಿಟ್ಟರೆ ಗಿಡ ಸಾಯುತ್ತದೆ ಅಂತಾರೆ, ನಿಜವಾ ಅಣ್ಣ?

ಫೀನಿಕ್ಸ್_ಕನ್ನಡಿಗ
ಅಮೆರಿಕಾನಾ ಮಟ್ಟಿಗೆ ನಿಜ. ಜೀವನದಲ್ಲಿ ಒಂದೇ ಸಲ ಹೂ. ನೆಲದಲ್ಲಿದ್ದರೆ 10ರಿಂದ 30 ವರ್ಷ ತೆಗೆದುಕೊಳ್ಳುತ್ತದೆ, ಆಮೇಲೆ ಎರಡು ಮೂರು ಆಳೆತ್ತರಕ್ಕಿಂತ ದೊಡ್ಡ ಕಂಬ ಎದ್ದು ಹೂ ಬಿಟ್ಟು ತಾಯಿ ಗಿಡ ಒಣಗುತ್ತದೆ. ಮರಿಗಳು ಉಳಿಯುತ್ತವೆ. ಕುಂಡದಲ್ಲಿ ಹೂ ಬರುವುದು ಅಪರೂಪ, ಸುಮಾ ಅವರು ಹೆದರಬೇಕಿಲ್ಲ.

ತಾರಸಿ_ಸುಮಾ
ಶನಿವಾರ ಕೆಲಸ ಇಟ್ಟುಕೊಂಡಿದ್ದೇವೆ. ಕುಂಡ, ಮಣ್ಣು, ತೊಳೆದ ಮರಳು ಎಲ್ಲ ಸಿದ್ಧ. ನೀರು ಹಾಕುವುದು ನಿಲ್ಲಿಸಿದ್ದೇನೆ. ಗಿಡ ಎತ್ತುವುದು ಹೇಗೆ ಅಂತ ಯಾರೂ ಹೇಳಲಿಲ್ಲ.

ಕಳ್ಳಿಪ್ರಿಯ
ಹಳೆ ಗೋಣಿಚೀಲ ಇದ್ದರೆ ಉತ್ತಮ. ಗಿಡದ ಸುತ್ತ ಹಾಕಿ, ಎಲೆಗಳನ್ನು ಮೇಲಕ್ಕೆ ನಿಧಾನವಾಗಿ ಒಟ್ಟು ಮಾಡಿ, ಮೆತ್ತನೆ ಹಗ್ಗದಿಂದ ಸುತ್ತಿ ಕಟ್ಟಿ. ಬಿಗಿ ಬೇಡ, ಎಲೆ ಮಡಚಿದರೆ ಗುರುತು ಹಾಗೇ ಉಳಿಯುತ್ತದೆ. ಕುಂಡವನ್ನು ಅಡ್ಡ ಮಲಗಿಸಿ. ಗಿಡ ಹಿಡಿದು ಎಳೆಯಬೇಡಿ. ಕುಂಡ ಹೇಗೂ ಸೀಳಿದೆ, ಅದನ್ನೇ ಕತ್ತರಿಸಿ ತೆಗೆಯಿರಿ. ಇಬ್ಬರು ಇರಬೇಕು, ಒಬ್ಬರಿಂದ ಆಗುವ ಕೆಲಸ ಅಲ್ಲ.

ಬೇರು ಸುತ್ತಿಕೊಂಡು ಗಟ್ಟಿ ಉಂಡೆಯಾಗಿರುತ್ತದೆ. ಕೆಳಗಿನಿಂದ ಬೆರಳಿನಲ್ಲಿ ಬಿಡಿಸಿ. ಒಣಗಿದ್ದು, ಕಪ್ಪಾಗಿ ಟೊಳ್ಳಾಗಿದ್ದು ಕತ್ತರಿಸಿ. ಮರಿಗಳು ತಾಯಿಗೆ ಮಣ್ಣಿನೊಳಗಿನ ದಪ್ಪ ಬಿಳಿ ಬಳ್ಳಿಯಂಥ ಕಾಂಡದಿಂದ ಅಂಟಿಕೊಂಡಿರುತ್ತವೆ. ಸ್ವಂತ ಬೇರು ಬಂದಿರುವ ಮರಿಯನ್ನು ಮಾತ್ರ ಬೇರ್ಪಡಿಸಿ, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ. ಕತ್ತರಿಸಿದ ಜಾಗ ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಲಿ. ತಾಯಿಯ ಬೇರಿಗೆ ಗಾಯ ಜಾಸ್ತಿ ಆಗಿದ್ದರೆ ಅದನ್ನೂ ಒಣಗಿಸಿಯೇ ನೆಡಿ. ಮಣ್ಣಿಲ್ಲದೆ ಒಂದು ವಾರ ಇದ್ದರೂ ಅಗೇವ್‌ಗೆ ಏನೂ ಆಗುವುದಿಲ್ಲ.

ಹಸಿರುಮನೆ_ಮೈಸೂರು
ಕತ್ತರಿಸಿದ ಜಾಗಕ್ಕೆ ಅರಿಶಿನ ಹಚ್ಚಿ.

ಕಳ್ಳಿಪ್ರಿಯ
ಹಚ್ಚಿದರೆ ತೊಂದರೆ ಇಲ್ಲ ಸರ್. ಕೆಲಸ ಮಾಡುವುದು ಒಣಗಿಸುವುದು, ಅರಿಶಿನ ಅಲ್ಲ. ಅರಿಶಿನ ಹಚ್ಚಿ ಅದೇ ದಿನ ನೆಟ್ಟು ನೀರು ಹಾಕುವವರನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ. ನೆಡುವಾಗ ಬುಡದ ಎಲೆ ಮಣ್ಣಿನ ಒಳಗೆ ಹೋಗಬಾರದು. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ, ಬೇಕಾದರೆ ಅರ್ಧ ಇಂಚು ಮೇಲೆ.

ತಾರಸಿ_ಸುಮಾ (ಶನಿವಾರ)
ಅರ್ಜೆಂಟ್! ಕುಂಡ ಕತ್ತರಿಸಿ ತೆಗೆದೆವು. ಬೇರಿನ ನಡುವೆ ಅಲ್ಲಲ್ಲಿ ಬಿಳಿ ಪುಡಿ, ಹತ್ತಿಯ ಹಾಗೆ. ಇದು ಬೂಷ್ಟಾ? ಹಳೆ ಪರ್ಲೈಟಾ? ಹೀಗೇ ನೆಡಬಹುದಾ?

ಕಳ್ಳಿಪ್ರಿಯ
ನೆಡಬೇಡಿ, ನಿಲ್ಲಿ. ಕಡ್ಡಿಯಿಂದ ಒಂದು ಚುಕ್ಕೆ ತೆಗೆದು ಕಾಗದದ ಮೇಲೆ ಒತ್ತಿ. ಪರ್ಲೈಟ್ ಆದರೆ ಕರಕರ ಪುಡಿಯಾಗುತ್ತದೆ. ಜಿಡ್ಡಾಗಿ ಒದ್ದೆ ಗುರುತು ಬಿಟ್ಟರೆ ಹಿಟ್ಟು ತಿಗಣೆ, ಗಿಡದ ರಸ ಹೀರುವ ಬಿಳಿ ಕೀಟ.

ತಾರಸಿ_ಸುಮಾ
ಒದ್ದೆ ಗುರುತು ಬಂತು. ಸಣ್ಣದೊಂದು ನಡೆಯುತ್ತಲೂ ಇದೆ!

ಕರಾವಳಿ_ಕವಿತಾ
ತಿಗಣೆಯೇ. ಗಾಬರಿ ಬೇಡ, ಇದು ಸಿಕ್ಕಿದ್ದು ಒಳ್ಳೆಯದಾಯಿತು. ಹಳೆ ಮಣ್ಣು ಒಂದು ಚೂರೂ ಉಳಿಸಬೇಡಿ, ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಬೇರೆ ಕುಂಡಕ್ಕೆ ಸುರಿಯಬೇಡಿ. ಪೈಪಿನಿಂದ ಬೇರನ್ನು ಪೂರ್ತಿ ತೊಳೆಯಿರಿ. ಕಿಕ್ಕಿರಿದ ಸಣ್ಣ ಬೇರುಗಳನ್ನು ಕತ್ತರಿಸಿಬಿಡಿ, ಅವು ಮತ್ತೆ ಬರುತ್ತವೆ. ಎಲೆಯ ಸಂದಿಯಲ್ಲಿದ್ದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ.

ಕಳ್ಳಿಪ್ರಿಯ
ಕವಿತಾ ಅಕ್ಕ ಹೇಳಿದ್ದೇ. ತೊಳೆದ ಮೇಲೆ ಗಿಡವನ್ನು ಖಾಲಿ ಬಕೆಟ್ ಮೇಲೆ ಕೂರಿಸಿ, ಬೇರು ಒಳಗೆ ನೇತಾಡಲಿ, ಗಾಳಿ ಆಡುವ ನೆರಳಿನಲ್ಲಿ ನಾಲ್ಕೈದು ದಿನ. ಮರಿಗಳನ್ನೂ ಹಾಗೇ. ಅಷ್ಟರಲ್ಲಿ ಪಕ್ಕದಲ್ಲಿದ್ದ ಬೇರೆ ಕುಂಡಗಳ ತಳದ ತೂತನ್ನೂ ನೋಡಿ. ಇರುವೆ ಓಡಾಡುತ್ತಿದ್ದರೆ ಅನುಮಾನ ಪಡಿ. ತಿಗಣೆಯ ಸಿಹಿ ಅಂಟಿಗೆ ಇರುವೆ ಬರುತ್ತದೆ, ಒಂದು ಕುಂಡದಿಂದ ಇನ್ನೊಂದಕ್ಕೆ ಅದೇ ಹೊತ್ತೊಯ್ಯುತ್ತದೆ.

ಹಸಿರುಮನೆ_ಮೈಸೂರು
ಸುಮಾ ಅವರೇ, ಫೆಬ್ರವರಿವರೆಗೆ ಕಾಯಿರಿ ಅಂದಿದ್ದೆ. ಒಳಗೆ ಇದಿದ್ದರೆ ಕಾಯುವುದು ಸರಿಯಾಗುತ್ತಿರಲಿಲ್ಲ. ಈಗಲೇ ತೆಗೆದದ್ದು ಒಳ್ಳೆಯದು.

ತಾರಸಿ_ಸುಮಾ (ಮುಂದಿನ ವಾರ)
ನೆಟ್ಟಾಯಿತು. ಬುಡ ಸುತ್ತ ಒತ್ತಿ ನೋಡಿದೆ, ಕಲ್ಲಿನ ಹಾಗೆ ಗಟ್ಟಿ ಇದೆ. ಈಗ ಕೆಳಗಿನ ಎರಡು ಎಲೆ ಸುಕ್ಕುಗಟ್ಟಿದೆ. ಒಂದು ಹಳದಿಯಾಗುತ್ತಿದೆ. ನೀರು ಹಾಕಲಾ?

ಬಯಲುಸೀಮೆ_ಹುಡುಗ
ಹಾಕಬೇಡಿ.

ಮಲೆನಾಡ_ಮಗಳು
ಪಾಪ, ಸುಕ್ಕಾಗಿದೆ ಅಂದರೆ ಬಾಯಾರಿಕೆ ಅಲ್ವಾ? ಒಂದು ಲೋಟ ಹಾಕಿದರೆ ಏನಾಗುತ್ತದೆ?

ಕಳ್ಳಿಪ್ರಿಯ
ಬಾಯಾರಿಕೆ ಹೌದು, ಆದರೆ ಕುಡಿಯಲು ಬೇರೇ ಇಲ್ಲ. ತೊಳೆದು ಕತ್ತರಿಸಿದ್ದೀರಿ, ಹೊಸ ಬೇರು ಬರಬೇಕು. ಅಲ್ಲಿಯವರೆಗೆ ಗಿಡ ಕೆಳಗಿನ ಎಲೆಯಲ್ಲಿ ಕೂಡಿಟ್ಟ ನೀರನ್ನೇ ಬಳಸುತ್ತದೆ. ಅದಕ್ಕೇ ಕೆಳಗಿನದು ಮಾತ್ರ ಸುಕ್ಕು. ಅಗೇವ್ ತನ್ನ ಎಲೆಯ ಸಣ್ಣ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತದೆ, ಹಾಗಾಗಿ ನೀರು ತುಂಬ ನಿಧಾನವಾಗಿ ಖರ್ಚಾಗುತ್ತದೆ. ನಡುವಿನ ಎಲೆಗಳು ಗಟ್ಟಿ ಇವೆ ತಾನೇ? ಇದ್ದರೆ ಚಿಂತೆ ಬಿಡಿ. ನೆಟ್ಟ ದಿನದಿಂದ ಒಂದು ವಾರ ಕಳೆಯಲಿ, ಆಮೇಲೆ ಒಂದು ಸಲ ತಳದಿಂದ ಹೊರಗೆ ಬರುವ ಹಾಗೆ ಹಾಕಿ. ದಿನಾ ಒಂದು ಲೋಟ ಬೇಡ. ಮುಂದಿನ ಸಲ ಹಾಕುವ ಮೊದಲು ಊದಿನ ಕಡ್ಡಿಯ ಕಾಂಡ ಆಳಕ್ಕೆ ಚುಚ್ಚಿ, ಒಣಗಿ ಬಂದರೆ ಮಾತ್ರ ನೀರು.

ಫೀನಿಕ್ಸ್_ಕನ್ನಡಿಗ
ಹಳದಿ ಎಲೆ ಮೆತ್ತಗೆ, ನೀರು ನೀರಾಗಿ ಇದ್ದರೆ ಕೊಳೆ. ಒಣಗಿ ಕಾಗದದ ಹಾಗೆ ಆಗುತ್ತಿದ್ದರೆ ಮಾಮೂಲು. ಯಾವುದು?

ತಾರಸಿ_ಸುಮಾ
ಒಣಗುತ್ತಿದೆ, ಮೆತ್ತಗಿಲ್ಲ. ಈಗ ಧೈರ್ಯ ಬಂತು. ಬಿಸಿಲಿಗೆ ಯಾವಾಗ ಇಡಲಿ?

ಫೀನಿಕ್ಸ್_ಕನ್ನಡಿಗ
ಮೊದಲು ಬೆಳಗಿನ ಬಿಸಿಲು ಎರಡು ಗಂಟೆ. ವಾರ ವಾರ ಹೆಚ್ಚಿಸಿ. ನೆರಳಿನಿಂದ ನೇರ ಮಧ್ಯಾಹ್ನದ ಬಿಸಿಲಿಗೆ ತಂದರೆ ಎಲೆ ಮೇಲೆ ಕಂದು ಮಚ್ಚೆ ಬೀಳುತ್ತದೆ. ಆ ಮಚ್ಚೆ ಎಲೆ ಇರುವವರೆಗೂ ಹೋಗುವುದಿಲ್ಲ.

ರಾಘು_ಸಿವಿಲ್
ಎರಡು ಡಬ್ಬಿ ಇಟ್ಟು ನೋಡಿದೆ. ಕಳ್ಳಿಪ್ರಿಯ ಅವರ ಮಾತು ಸರಿ. ಜಲ್ಲಿ ಇರುವ ಡಬ್ಬಿಯಲ್ಲಿ ಒದ್ದೆ ಪದರ ಜಲ್ಲಿಯ ಮೇಲೇ ಕೂತಿದೆ. ತಾತ ಓಡು ಚೂರು ಒಂದೇ ಇಡುತ್ತಿದ್ದರಾ ಅಂತ ಅಪ್ಪನನ್ನು ಕೇಳಬೇಕು.

ತಾರಸಿ_ಸುಮಾ (ಅಕ್ಟೋಬರ್ ಕೊನೆ)
ನಡುಗೊಂಚಲಿನಿಂದ ಹೊಸ ಎಲೆ ಬಿಚ್ಚುತ್ತಿದೆ. ಗಿಡ ಹಿಡಿದು ಅಲುಗಿಸಿದರೆ ಅಲುಗುವುದಿಲ್ಲ. ತುದಿ ಮುಳ್ಳು ಎಲ್ಲ ಕತ್ತರಿಸಿದ್ದೇನೆ. ಅತ್ತೆ ಮೂಲೆಯ ಜಾಗಕ್ಕೆ ಒಪ್ಪಿದ್ದಾರೆ. ನಾಲ್ಕು ಮರಿಯಲ್ಲಿ ಒಂದು ಅವರೇ ತಮ್ಮ ತಂಗಿಗೆ ಕೊಟ್ಟರು. ಮೂರು ಉಳಿದಿವೆ, ಬೇಕಾದವರು ಹೇಳಿ. ತೊಳೆದು ಒಣಗಿಸಿದ ಮರಿ, ತಿಗಣೆ ಇಲ್ಲ.

ಹೊಸಬ_ಚೇತನ್
ನನಗೊಂದು ಬೇಕು ಅಕ್ಕ! ಭಾನುವಾರ ಬರುತ್ತೇನೆ. ದೊಡ್ಡ ಕುಂಡ ಮನೆಯಲ್ಲಿದೆ, 14 ಇಂಚಿನದು.

ಕಳ್ಳಿಪ್ರಿಯ
ಚೇತನ್, ಆ ಕುಂಡಕ್ಕೆ ಬೇರೆ ಏನಾದರೂ ಹಾಕಿ. ಮರಿಗೆ 4 ಇಂಚಿನ ಮಣ್ಣಿನ ಕುಂಡ ತನ್ನಿ. ಕೋಕೋಪೀಟ್ ತರಬೇಡಿ.